ಕೌದಿಯ ಪಾಲಿನ ರೊಟ್ಟಿ

ಪರದೇಶಕ್ಕೆ ಹೋಗಿಬಂದೆ ಎಂದರೆ ನನ್ನ ಗೆಳತಿಯರು ಮೊದಲು ಹಡಗಿನ ಹೆಸರು ಕೇಳುತ್ತಾರೆ. ಹಡಗಲ್ಲ, ಎತ್ತಿನ ಗಾಡಿ ಎಂದರೆ ನಗುತ್ತಾರೆ. ನಗುವವರನ್ನು ಸುಮ್ಮನಾಗಿಸುವ ವಿದ್ಯೆಯನ್ನು ಕಾಲೇಜಿನ ಚರ್ಚಾಕೂಟದಲ್ಲಿ ಮೂರು ವರ್ಷ ಕಲಿತವಳು ನಾನು. ಆದ್ದರಿಂದ ಇತ್ಯರ್ಥ ಮೊದಲೇ ಆಗಿಬಿಡಲಿ. ಯಾವ ಸೀಮೆಯ ಬಾಗಿಲಲ್ಲಿ ನಿಮ್ಮ ಗಂಟು ಬಿಚ್ಚಿ ನೋಡುತ್ತಾರೋ, ಎಲ್ಲಿ ನಿಮ್ಮ ಕಿಸೆಯ ನಾಣ್ಯ ಕಂಡು ಅಂಗಡಿಯವನು ಮುಖ ಸಿಂಡರಿಸುತ್ತಾನೋ, ಎಲ್ಲಿ ಕಚೇರಿಯ ಫಲಕದ ಅಕ್ಷರ ಬಲದಿಂದ ಎಡಕ್ಕೆ ಓಡುತ್ತದೋ ಅದು ಪರದೇಶ. ಮೊಗಲಾಯಿ, ಅಂದರೆ ನಿಜಾಮರ ಸೀಮೆ, ಈ ಮೂರರಲ್ಲೂ ಪಾಸಾಗುತ್ತದೆ. ಅಲ್ಲಿಯ ಜನ ನಮ್ಮದೇ ಕನ್ನಡ ಆಡುತ್ತಾರಲ್ಲ ಎಂಬುದು ಎದುರುಪಕ್ಷದ ವಾದ. ಒಮ್ಮೆ ಹೋಗಿ ಕೇಳಿ ಬನ್ನಿ, ಆಮೇಲೆ ಮಾತಾಡೋಣ.

ಹೋದದ್ದು ಸೋದರಮಾವನ ಸಲುವಾಗಿ. ಶೀನುಮಾಮಾ ಧಾರವಾಡದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಹದಿನಾಲ್ಕು ವರ್ಷಗಳಿಂದ ಮಕ್ಕಳ ಕೈಯಲ್ಲಿ ಒಂದೇ ಹೂಜಿಯ ಚಿತ್ರ ಬರೆಸುತ್ತಿದ್ದಾನೆ. ಅದರಿಂದ ಬಿಡುಗಡೆ ಬೇಕೆಂದು ಕೊಲ್ಹಾಪುರದಲ್ಲಿ ಸಿನೆಮಾ ತೆಗೆಯುವ ಗೃಹಸ್ಥರೊಬ್ಬರ ಮನೆಯ ಮೆಟ್ಟಿಲು ಸವೆಸಿದ. ಅವರು ಕೊನೆಗೆ ಬೇಸತ್ತೋ ಮೆಚ್ಚಿಯೋ ಹಿಡಿಕೆ ತಿರುಗಿಸುವ ಒಂದು ಹಳೆಯ ಕ್ಯಾಮೆರಾ, ಫಿಲ್ಮಿನ ಮೂರು ಡಬ್ಬಿ ಎರವಲು ಕೊಟ್ಟು ಹೇಳಿದರಂತೆ: ಹಳ್ಳಿಗಾಡಿನ ಕೈಕೆಲಸದವರ ಚಿತ್ರ ತೆಗೆದುಕೊಂಡು ಬಾ. ಅದರಲ್ಲಿ ಒಂದಾದರೂ ವಸ್ತು ನನ್ನ ಕಣ್ಣೆದುರು ಮುಗಿಯಬೇಕು. ಅರ್ಧಂಬರ್ಧ ನಡೆಯದು. ಕೊನೆ ಚೆನ್ನಾಗಿ ಬಂದರೆ ನಿನಗೆ ನಮ್ಮಲ್ಲಿ ಕೆಲಸ, ಇಲ್ಲದಿದ್ದರೆ ಕ್ಯಾಮೆರಾ ವಾಪಸು.

ಒಂದು ಡಬ್ಬಿ ಎಂದರೆ ನಾಲ್ಕು ನಿಮಿಷ. ಮಾಮಾನ ಮುಂದಿನ ಆಯುಷ್ಯವೆಲ್ಲ ಹನ್ನೆರಡು ನಿಮಿಷದಲ್ಲಿತ್ತು.

ಚಿತ್ರದ ನಡುನಡುವೆ ತೋರಿಸುವ ಬರಹ ಬರೆಯಲು ನಾನು. "ಈ ಜನರ ತಪಸ್ಸು, ಶ್ರದ್ಧೆ, ಇವನ್ನೆಲ್ಲ ಛಲೋ ಮಾತಿನಾಗ ಬರೀಬೇಕ ನೋಡ ಸುಮಿ," ಎಂದ ರೈಲಿನಲ್ಲಿ.

"ನಂಬದ್ದನ್ನ ನಾ ಬರಿಯೂದಿಲ್ಲ, ಮಾಮಾ. ತಪಸ್ಸು ಅನ್ನೋದು ಪುಸ್ತಕ ಬರಿಯೋರು ಹುಟ್ಟಿಸಿದ್ದು. ಅವರು ಹೊಟ್ಟಿಗೆ ದುಡೀತಾರ. ನಾಳೆ ಕಾರಕೂನಕಿ ಸಿಕ್ಕರ ಎಲ್ಲಾ ಬಿಟ್ಟು ಓಡ್ತಾರ."

"ಹಂಗಾರ ಯಾವುದ ನೋಡಿದ್ರ ನಂಬತೀ?"

ಯೋಚಿಸಿ ಷರತ್ತು ಹಾಕಿದೆ. ಯಾರೂ ಕೇಳದ, ಯಾರೂ ನೋಡದ, ಮಾಡದಿದ್ದರೆ ಯಾರಿಗೂ ತಿಳಿಯದ ಒಂದು ಕೆಲಸವನ್ನು ಒಬ್ಬರಾದರೂ ಮಾಡಬೇಕು. ಆಗ ತಪಸ್ಸು ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಯಾರೂ ನೋಡದ್ದನ್ನು ನಾನು ಹೇಗೆ ನೋಡಲಿ ಎಂಬ ತೊಡಕು ನನಗೆ ಹೊಳೆಯಲಿಲ್ಲ. ಮಾಮಾನಿಗೂ ಹೊಳೆಯಲಿಲ್ಲ. ಚರ್ಚೆಯಲ್ಲಿ ನಾನು ಗೆಲ್ಲುವುದು ಹೀಗೆಯೇ.

ನಾಕಾ

ದುಧನಿಯಲ್ಲಿ ರೈಲಿಳಿದು ಎತ್ತಿನ ಗಾಡಿ ಹಿಡಿದೆವು. ಕರಿ ಎರೆಭೂಮಿ, ಎದೆಯುದ್ದ ಜೋಳ. ಗಡಿ ಎಂದು ತೋರಿಸಲು ರಸ್ತೆಗೆ ಒಂದು ಅಡ್ಡಬಿದಿರು, ಪಕ್ಕದಲ್ಲಿ ತಗಡಿನ ಛಾವಣಿ, ಅದರ ಕೆಳಗೆ ಸುಂಕದ ಮುನಶಿ. ಬಿದಿರಿನ ಈಚೆಯ ಜೋಳಕ್ಕೂ ಆಚೆಯ ಜೋಳಕ್ಕೂ ವ್ಯತ್ಯಾಸ ಹುಡುಕಿದೆ, ಸಿಗಲಿಲ್ಲ. ಆಚೆಯ ಕಾಗೆ ಈಚೆ ಬಂದು ಕೂತಿತು. ಅದನ್ನು ಯಾರೂ ತಡೆಯಲಿಲ್ಲ.

ನಮ್ಮನ್ನು ತಡೆದರು. ಮುನಶಿಯವರು ಕ್ಯಾಮೆರಾವನ್ನು ಸುತ್ತಲೂ ನೋಡಿದರು.

"ಇದೇನ್ರಿ ಇದು?"

"ಚಿತ್ರ ತೆಗೆಯೂ ಯಂತ್ರರಿ," ಎಂದ ಮಾಮಾ.

"ಚಿತ್ರ ಎಲ್ಲಿ ಅದಾವ?"

"ಇನ್ನ ತೆಗದಿಲ್ಲರಿ."

"ಒಂದೂ ಚಿತ್ರ ಇಲ್ಲ, ಚಿತ್ರದ ಯಂತ್ರ ಅಂತೀರಿ. ನಾ ಹೆಂಗ ನಂಬಬೇಕು?"

ಈ ಮನುಷ್ಯ ನಮ್ಮ ಚರ್ಚಾಕೂಟದಲ್ಲಿ ಇರಬೇಕಿತ್ತು ಎನ್ನಿಸಿತು. ಅಷ್ಟರಲ್ಲಿ ಅವರ ಕೈ ಫಿಲ್ಮಿನ ಡಬ್ಬಿಯ ಮುಚ್ಚಳಕ್ಕೆ ಹೋಯಿತು. ಮಾಮಾ ಬಿದಿರು ಹಾರಿ ಬಂದು ಡಬ್ಬಿಯನ್ನು ಎದೆಗವಚಿಕೊಂಡ.

"ತೆರಿಬ್ಯಾಡ್ರಿ ಸಾಹೇಬರ. ಬೆಳಕ ಬಿದ್ರ ಕೆಟ್ಟಹೋಗತದ."

"ಬೆಳಕ ಬಿದ್ರ ಕೆಡೂ ಮಾಲಂದ್ರ ಯಾವುದು?" ಮುನಶಿಯವರ ಹುಬ್ಬು ಏರಿತು. "ಅಫೀಮೇನು?"

ಹತ್ತು ನಿಮಿಷ ಮಾತಾಯಿತು. ತೆರೆಯದೆ ಬಿಡುವುದು ಅವರ ಕಾಯಿದೆಯಲ್ಲಿಲ್ಲ, ತೆರೆಯಲು ಬಿಡುವುದು ಮಾಮಾನ ಕಾಯಿದೆಯಲ್ಲಿಲ್ಲ. ಕೊನೆಗೆ ದಾರಿ ಹೇಳಿದವನು ನಮ್ಮ ಗಾಡಿಯವನು. ಅವನ ದಪ್ಪ ಕಂಬಳಿಯನ್ನು ಮೈಮೇಲೆ ಎಳೆದುಕೊಂಡು ಮುನಶಿ, ಮಾಮಾ, ಮೂರು ಡಬ್ಬಿ ಒಳಗೆ ಕೂತರು. ಮಧ್ಯಾಹ್ನದ ಬಿಸಿಲಲ್ಲಿ ಕಂಬಳಿ ಅತ್ತಿತ್ತ ಅಲುಗಾಡಿತು. ಒಳಗಿನಿಂದ "ಮೆಲ್ಲಗ್ರಿ, ಮೆಲ್ಲಗ" ಎಂಬ ದನಿ ಬಂತು. ಬೆವರಿ ಹೊರಬಂದ ಮುನಶಿಯವರು ತೀರ್ಪು ಹೇಳಿದರು: "ಅಫೀಮಲ್ಲ. ಲಾಡಿ ಅದ. ಉದ್ದ ಲಾಡಿ."

ದಫ್ತರದಲ್ಲಿ ಉರ್ದುವಿನಲ್ಲಿ ಒಂದು ಸಾಲು ಬರೆದು, ಅದರದೇ ಚೀಟಿ ನಮಗೆ ಕೊಟ್ಟು, ಬಿದಿರು ಎತ್ತಿದರು. ಹೋಗುವಾಗ ಹೇಳಿದರು, "ಚಿತ್ರ ಬಂದ ಮ್ಯಾಲ ಈ ದಾರೀಲೇ ಬರ್ರಿ. ನನಗೂ ನೋಡಬೇಕಾಗೇದ."

ಆಳಂದ

ಕಿಣ್ಣಿ ಸುಲ್ತಾನ ದಾಟಿ ಆಳಂದ ಮುಟ್ಟಿದಾಗ ಗಾಡಿ ನನ್ನ ಸೊಂಟವನ್ನು ಎರಡು ಭಾಗ ಮಾಡಿತ್ತು. ಮಾಮಾ ಹುಡುಕಿಕೊಂಡು ಬಂದವರು ಇಮಾಮಸಾಬ, ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು. ಐವತ್ತು ದಾಟಿದ ಮನುಷ್ಯ. ಬೇವಿನ ಗಿಡದ ಕೆಳಗೆ ಕುಲುಮೆ, ತಿದಿ, ಸುತ್ತಲೂ ಮಸಿ ಹಿಡಿದ ಹಂಡೆ, ಚರಿಗೆಗಳ ರಾಶಿ. ನೋಡಿದೊಡನೆ ಮಾಮಾನ ಕಣ್ಣು ತುಂಬಿದವು. ಆ ಮಸಿ, ಆ ಹೊಗೆ, ಆ ಮುಖ.

"ನಾಳೆ ಮುಂಜಾನಿ ಬರತೇವ್ರಿ. ಹಿಂಗ ಇರ್ರಿ, ಏನೂ ಬದಲ ಮಾಡಬ್ಯಾಡ್ರಿ," ಎಂದು ಕೈಮುಗಿದ.

ನಾಕಾದ ಚೀಟಿಯಲ್ಲಿ ಏನು ಬರೆದಿದೆ ಎಂದು ಓದಿಸಿದ್ದೂ ಅವರ ಕೈಯಲ್ಲೇ. ಇಮಾಮಸಾಬರು ಚೀಟಿಯನ್ನು ದೂರ ಹಿಡಿದು ಓದಿದರು. "ಕಾಫಿ ಬೀಜ ಬೀಸೂ ಯಂತ್ರ ಒಂದು. ಬೀಜ ಇಲ್ಲ."

ಮರುದಿನ ಹೋದರೆ ಬೇವಿನ ಗಿಡವೊಂದೇ ಹಾಗೆ ಇತ್ತು. ಹಂಡೆಗಳು ಮಾಯ. ನೆಲ ಸಾರಿಸಿ ನೀರು ಚಿಮುಕಿಸಿದ್ದರು. ಇಮಾಮಸಾಬರು ಮಿಂದು, ಗಡ್ಡಕ್ಕೆ ಮೆಹಂದಿ ಹಾಕಿ, ಹಬ್ಬದ ಟೊಪ್ಪಿಗೆ, ಗರಿಗರಿ ಬಿಳಿ ಅಂಗಿ ತೊಟ್ಟು ಮದುವೆಗೆ ಕೂತ ಹಾಗೆ ಕೂತಿದ್ದರು.

"ಸಾಹೇಬರ, ದಿನದ ಹಂಗ ಇರ್ರಿ ಅಂದಿದ್ದೆ," ಎಂದ ಮಾಮಾ, ಅಳುವ ದನಿಯಲ್ಲಿ.

"ದಿನಾ ನನ್ನ ಯಾರ ನೋಡ್ತಾರ ಸಾಬ? ಇವತ್ತ ನೋಡಾಕತ್ತಾರ."

ಆದರೂ ಕೆಲಸಕ್ಕೆ ಕೈ ಹಚ್ಚಿದ ಮೇಲೆ ಟೊಪ್ಪಿಗೆ ಮರೆತುಹೋಯಿತು. ತಟ್ಟೆ ಕಾಯಿತು, ನವಸಾಗರದ ಪುಡಿ ಬಿದ್ದು ಬಿಳಿ ಹೊಗೆ ಎದ್ದಿತು, ತವರದ ಕಡ್ಡಿ ಒಮ್ಮೆ ಮುಟ್ಟಿತು, ಅರಳೆಯ ಉಂಡೆ ಒಂದು ಸುತ್ತು ಸುತ್ತಿತು. ಕಪ್ಪು ತಟ್ಟೆ ನೋಡನೋಡುತ್ತ ಬೆಳ್ಳಿಯಾಯಿತು. ಮಾಮಾ ಹಿಡಿಕೆ ತಿರುಗಿಸುತ್ತ, ವೇಗ ತಪ್ಪಬಾರದೆಂದು ಬಾಯಲ್ಲೇ ಯಾವುದೋ ಜೋಗುಳ ಗುನುಗುತ್ತಿದ್ದ. ಇನ್ನೇನು ಮುಗಿಯಬೇಕು, ಆಗ ಇಮಾಮಸಾಬರು ಹೆಮ್ಮೆಯಿಂದ ತಟ್ಟೆಯನ್ನು ಎತ್ತಿ ಕ್ಯಾಮೆರಾದ ಕಡೆ ತಿರುಗಿಸಿದರು. ಸೂರ್ಯ ನೇರವಾಗಿ ತಟ್ಟೆಗೆ ಬಿದ್ದು, ತಟ್ಟೆಯಿಂದ ಕ್ಯಾಮೆರಾದ ಕಣ್ಣಿಗೆ ಬಿದ್ದ. ಮಾಮಾ "ಕೆಳಗ್ರಿ, ಕೆಳಗ" ಎಂದಷ್ಟೂ ಅವರು ಇನ್ನೂ ಮೇಲೆತ್ತಿದರು. ಡಬ್ಬಿ ಅಲ್ಲಿಗೇ ಮುಗಿಯಿತು.

"ನನ್ನ ಕಲಾಯಿ ಅಂದ್ರ ಕಣ್ಣ ಕುಕ್ಕಬೇಕು ಸಾಬ. ಕುಕ್ಕಿತಿಲ್ಲೋ?"

"ಕುಕ್ಕಿತ್ರಿ," ಎಂದ ಮಾಮಾ. ಕೊನೆ ಪೂರಾ ಬಿಳಿ ಬಂದಿರುತ್ತದೆಂದು ಅವನಿಗೆ ಗೊತ್ತಿತ್ತು. ಕಲಾಯಿ ಸ್ವಲ್ಪ ಕಳಪೆಯಾಗಿದ್ದರೆ ಚಿತ್ರ ಬದುಕುತ್ತಿತ್ತು.

ಗಾಡಿ ಹತ್ತಿದ ಮೇಲೆ ನಾನು ಹೇಳಿದೆ: ಅವರು ನೋಡುವವರಿಗಾಗಿ ಮಾಡಿದರು, ಆದ್ದರಿಂದ ಒಂದು ಅಂಕ ನನಗೆ. ಮಾಮಾ ಡಬ್ಬಿಗಳನ್ನು ಎಣಿಸುತ್ತಿದ್ದ. ಎರಡು ಡಬ್ಬಿ ಉಳಿದಿದ್ದವು.

ಅಫಜಲಪುರ

ನಮ್ಮಲ್ಲಿ ಅತಿಥಿಗೆ ಮೊದಲು ನೀರು ಕೊಟ್ಟು ಆಮೇಲೆ ಊರು ಕೇಳುತ್ತಾರೆ. ಇಲ್ಲಿ ನೀರಿನ ಜೊತೆಗೇ "ನಿಮ್ಮ ಕಡಿ ಮಳಿ ಹೆಂಗದ್ರಿ" ಎನ್ನುತ್ತಾರೆ, ಉತ್ತರ ಹೇಳಿ ಮುಗಿಸುವವರೆಗೆ ಚರಿಗೆಯನ್ನು ಕೈಯಲ್ಲೇ ಹಿಡಿದಿರುತ್ತಾರೆ. ನನ್ನಂಥ ಮಾತುಗಾರ್ತಿ ಬಾಯಾರಿ ಸಾಯಬೇಕು.

ಗಾಡಿಯ ಗಾಲಿ ಮಾಡುವ ಬಡಿಗೇರ ಕಾಳಪ್ಪ ನಮ್ಮ ಎರಡನೆಯ ಡಬ್ಬಿ. ಸುತ್ತಿನ ಹಳ್ಳಿಗಳಲ್ಲಿ ಓಡುವ ಗಾಲಿ ನೋಡಿದರೆ ಇದು ಕಾಳಪ್ಪನದು ಎಂದು ಜನ ಗುರುತಿಸುತ್ತಾರಂತೆ. ಆತ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಜಾಲಿಯ ದಿಮ್ಮಿಯನ್ನು ನೋಡುತ್ತಿದ್ದ. ಮಾಮಾ ಕ್ಯಾಮೆರಾ ಹೂಡಿದ. ಕಾಳಪ್ಪ ನೋಡುತ್ತಲೇ ಇದ್ದ. ಈಗ ಬಾಚಿ ಎತ್ತುತ್ತಾನೆ ಎಂದು ಮಾಮಾ ಹಿಡಿಕೆ ತಿರುಗಿಸಲು ಶುರುಮಾಡಿದ. ಕಾಳಪ್ಪ ದಿಮ್ಮಿಯ ಇನ್ನೊಂದು ಮಗ್ಗುಲಿಗೆ ಹೋಗಿ ಕೂತ. ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಟ್ಟ. ತಲೆ ಅಲ್ಲಾಡಿಸಿದ. ಮತ್ತೆ ನೋಡಿದ. ಈಗ ನಿಲ್ಲಿಸಿದರೆ ಮೊದಲ ಏಟು ತಪ್ಪುತ್ತದೆ ಎಂದು ಮಾಮಾ, ಬಾಚಿಯನ್ನು ಮುಟ್ಟದೆ ಕಾಳಪ್ಪ, ಇಬ್ಬರೂ ಹಟ ಹಿಡಿದು ನಾಲ್ಕು ನಿಮಿಷ ಕಳೆದರು. ಫಿಲ್ಮು ಮುಗಿದ ಸದ್ದಾಯಿತು. ಆಗ ಕಾಳಪ್ಪ ಎದ್ದ.

"ಇನ್ನಾ ಒಪ್ಪಿಲ್ರಿ," ಎಂದ.

"ಯಾರು?" ಎಂದೆ ನಾನು.

"ಕಟಗಿ."

"ಕಟ್ಟಿಗೆ ಹ್ಯಾಂಗ ಒಪ್ಪತದ? ಅದಕ್ಕ ಬುದ್ಧಿ ಅದ ಏನು? ಒಣಗಿಲ್ಲ ಅಂತ ಹೇಳ್ರಿ, ಅದು ಬ್ಯಾರೆ ಮಾತು. ಒಣಗಿಲ್ಲ ಅಂದ್ರ ಅಳತೆ ಮಾಡಬಹುದು. ಒಪ್ಪಿಲ್ಲ ಅಂದ್ರ ಯಾರು ಅಳೀತಾರ?"

ಕಾಳಪ್ಪ ನನ್ನನ್ನು ದಿಮ್ಮಿ ನೋಡಿದ ಹಾಗೆಯೇ ನೋಡಿದ. "ತಂಗೀ, ನಿನ್ನ ಮಾತಿಗಿ ಕಡ್ಯಾಕ ಛಂದ ಬರ್ತದ. ಕೂಡಸಾಕ ಇನ್ನಾ ಬಂದಿಲ್ಲ. ನೀನೂ ಎರಡ ವರ್ಷ ನೆರಳಾಗ ಒಣಗಬೇಕು."

ಮಾಮಾ ಆ ದಿನ ಮೊದಲ ಸಲ ನಕ್ಕ. ನನ್ನ ಮೇಲೆ ನಕ್ಕನೆಂಬುದು ಬೇರೆ. ಕಾಳಪ್ಪನೂ ಪಾಪ, ಸಂಕ್ರಾಂತಿ ಕಳೆದ ಮೇಲೆ ಬನ್ನಿ, ಆಗ ಖಂಡಿತ ಕಡಿಯುತ್ತೇನೆ ಎಂದ. ಕ್ಯಾಮೆರಾ ಅಷ್ಟು ದಿನ ನಮ್ಮದಾಗಿರುವುದಿಲ್ಲ ಎಂದು ಆತನಿಗೆ ಹೇಳುವ ಧೈರ್ಯ ನಮಗಾಗಲಿಲ್ಲ.

ಭೀಮೆ

ಚೌಡಾಪುರದಲ್ಲಿ ಎತ್ತು ಬದಲಿಸಿ ಹೊಳೆಗೆ ಬಂದೆವು. ಜೇವರ್ಗಿ ಭೀಮೆಯ ಆಚೆಗೆ. ದಾಟಲು ಹರಗೋಲು. ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ್ದು. ಅದು ಮುಂದೆ ಹೋಗುವುದಿಲ್ಲ, ಸುತ್ತುತ್ತದೆ, ಸುತ್ತುತ್ತ ಹೇಗೋ ಆಚೆ ದಡ ಸೇರುತ್ತದೆ. ನಮ್ಮ ಕಾಲೇಜಿನ ಕೆಲವು ಉಪನ್ಯಾಸಗಳಿಗೂ ಇದಕ್ಕೂ ಹೋಲಿಕೆ ಕೊಡಬಹುದಿತ್ತು, ಆದರೆ ಆಗ ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಮಾಮಾ ಕೊನೆಯ ಡಬ್ಬಿಯನ್ನು ತಲೆಯ ಮೇಲೆ ಹೊತ್ತು ನಿಂತಿದ್ದ. "ಕುಂದರ್ರಿ ಮಾಸ್ತರ, ಬುಟ್ಟಿ ವಾಲತದ," ಎಂದು ಅಂಬಿಗ ಎಷ್ಟು ಹೇಳಿದರೂ ಕೇಳಲಿಲ್ಲ. ಕೂತರೆ ಡಬ್ಬಿಗೆ ನೀರು ಸಿಡಿಯುತ್ತದೆ, ನಿಂತರೆ ನಾವೆಲ್ಲ ಮುಳುಗುತ್ತೇವೆ. ಮಾಮಾ ಎರಡನ್ನೂ ತೂಗಿ ನಿಂತೇ ಇದ್ದ. ಆಗ ನನಗೆ ಮೊದಲ ಬಾರಿಗೆ ಭಯವಾಯಿತು. ಮುಳುಗುವುದರ ಭಯವಲ್ಲ. ಈ ಡಬ್ಬಿಯೂ ಹೋದರೆ ಈ ಮನುಷ್ಯ ಧಾರವಾಡಕ್ಕೆ ಹೇಗೆ ಮರಳುತ್ತಾನೆ ಎಂಬ ಭಯ.

ಜೇವರ್ಗಿ

ಗುರುಬಾಯಿ ಕೌದಿ ಹೊಲಿಯುವವಳು. ಅರವತ್ತರ ಮೇಲಿನ ವಯಸ್ಸು, ಗಟ್ಟಿ ದನಿ, ನೆತ್ತಿಯ ಮೇಲೆ ಸೆರಗು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಎಳ್ಳುಕಾಳಿನಷ್ಟು ಹೊಲಿಗೆಯಲ್ಲಿ ಕೂಡಿಸುತ್ತಾಳೆ. ಈ ಕೌದಿ ನಾಲ್ಕು ತಿಂಗಳದ್ದು, ಮಗಳ ಕೂಸಿಗೆ. ಮಾರನೆಯ ದಿನ ಬೆಳಿಗ್ಗೆ ಅಳಿಯ ಬಂದು ಒಯ್ಯುವವನಿದ್ದ. ಅಂದರೆ ಅದು ಆ ದಿನವೇ ಮುಗಿಯಬೇಕಿತ್ತು. ಮುಗಿಯುವ ವಸ್ತು. ಮಾಮಾ ಆಕೆಗೆ ಅಡ್ಡಬೀಳುವುದೊಂದು ಬಾಕಿ.

ಅಂಗಳದ ಬಿಸಿಲಿನಲ್ಲಿ ಕೌದಿ ಹರವಿಕೊಂಡು ಆಕೆ ಕೂತಳು. ನಾನು ಪಕ್ಕದಲ್ಲಿ ಕೂತೆ. ಮೂರು ಮೂಲೆ ಮುಚ್ಚಿದ್ದವು. ನಾಲ್ಕನೆಯ ಮೂಲೆ ಒಂದು ಗೇಣು ತೆರೆದಿತ್ತು.

"ಇದ್ಯಾಕ ಹಿಂಗ ಬಿಟ್ಟೀರಿ, ಆಯಿ?"

"ಅದು ಬಾಯಿ."

"ಯಾರ ಬಾಯಿ?"

"ಕೌದೀದು. ಕಡೀಕ ಒಂದ ತುಣಕ ರೊಟ್ಟಿ ಇಟ್ಟು ಮುಚ್ಚತೇವು. ಹಸಿದ ಕೌದಿ ಹೊಚ್ಚಿದ್ರ ಕೂಸಿಗಿ ನಿದ್ದಿ ಹತ್ತೂದಿಲ್ಲ."

ನನಗೆ ನಾಲಿಗೆ ತುರಿಸಿತು. "ಆಯಿ, ಅರಬಿಗೆ ಹೊಟ್ಟಿ ಎಲ್ಲಿ ಅದ?"

"ನಿಮ್ಮ ಮಾಮಾನ ಡಬ್ಬಿಗಿ ಕಣ್ಣ ಎಲ್ಲಿ ಅದ? 'ಇದು ನಿಮ್ಮನ್ನ ನೋಡಾಕತ್ತದ' ಅಂದ, ನಾ ಏನರ ತಕರಾರ ಮಾಡಿದ್ನೇನು?"

"ಇರುವೆ ಬರತಾವಲ್ಲ?"

"ಬೆಲ್ಲ ಇಡೂದಿಲ್ಲ, ಅಷ್ಟ ತಿಳೀದೇನ ನಮಗ. ಒಣಾ ಕಟಕ ರೊಟ್ಟಿ. ಹೊರಗ ಗೊತ್ತ ಸೈತ ಆಗೂದಿಲ್ಲ. ಮುಟ್ಟಿ ನೋಡಿದ್ರೂ ತಿಳೀದು."

ಇದು ಮೂಢನಂಬಿಕೆ, ಕಸಬು ಅಲ್ಲ ಎಂದು ಮನಸ್ಸಿನಲ್ಲೇ ಟಿಪ್ಪಣಿ ಮಾಡಿಕೊಂಡೆ. ಎರಡನೆಯ ಅಂಕ ಕಾಳಪ್ಪನಿಗೆ ಹೋಗಿತ್ತು, ಮೂರನೆಯದನ್ನು ಬಿಡುವುದಿಲ್ಲ.

ಮಾಮಾ ಮೂರು ನಿಮಿಷದ ಫಿಲ್ಮು ಹೊಲಿಗೆಗೆ ಖರ್ಚು ಮಾಡಿ, ಕೊನೆಯ ಒಂದು ನಿಮಿಷವನ್ನು ಜೋಪಾನವಾಗಿ ಉಳಿಸಿಕೊಂಡ. ಮಧ್ಯಾಹ್ನ ಇಳಿಯುತ್ತಿತ್ತು. ನನಗೆ ಹಸಿವು.

"ತಂಗೀ, ಒಳಗ ಬಾಗಲ ಬಾಜೂ ಗೂಡಿನಾಗ ರೊಟ್ಟಿ ಅದಾವ. ತಗೊಂಡು ತಿನ್ನು, ನಾಚಬ್ಯಾಡ," ಎಂದಳು ಗುರುಬಾಯಿ, ಸೂಜಿಯಿಂದ ಕಣ್ಣೆತ್ತದೆ.

ಒಳಗೆ ಹೋದೆ. ಬಾಗಿಲಿನ ಎರಡೂ ಬದಿಗೆ ಗೋಡೆಯಲ್ಲಿ ಗೂಡುಗಳಿದ್ದವು. ಎಡಗಡೆಯದರಲ್ಲಿ ನೂಲಿನ ಉಂಡೆ, ಸೂಜಿಯ ಡಬ್ಬಿ, ಬೋರಲು ಹಾಕಿದ ಒಂದು ಬಟ್ಟಲು. ಬಟ್ಟಲೆತ್ತಿದರೆ ಒಂದು ತುಣುಕು ಕಟಕ ರೊಟ್ಟಿ. ಅತಿಥಿಗೆ ಇಷ್ಟೇನಾ ಎಂದು ಸ್ವಲ್ಪ ಬೇಸರವಾಯಿತು, ಆದರೂ ತಿಂದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬಾಯಲ್ಲಿ ಕಟಕಟ ಎಂದಿತು. ಹೊರಬರುವಾಗ ಬಾಗಿಲಿನ ಇನ್ನೊಂದು ಬದಿಯ ಗೂಡಿನಲ್ಲಿ ರೊಟ್ಟಿಯ ಬುಟ್ಟಿ ಕಂಡಿತು. ಕಂಡರೂ ನನಗೆ ಏನೂ ಹೊಳೆಯಲಿಲ್ಲ. ಅದರಿಂದಲೂ ಒಂದು ತೆಗೆದುಕೊಂಡು ಬಂದೆ.

ಬಿಸಿಲು ಗೋಡೆಯ ಅಂಚಿಗೆ ಬಂತು. "ಆಯಿ, ಬೆಳಕ ಹೋಗಲಿಕ್ಕತ್ತದ, ಇನ್ನ ಮುಗಸ್ರಿ," ಎಂದ ಮಾಮಾ. ಗುರುಬಾಯಿ ಎದ್ದು ಒಳಗೆ ಹೋದಳು. ನಾನು ಹೊಸ್ತಿಲಿನಿಂದ ನೋಡುತ್ತಿದ್ದೆ. ಎಡಗಡೆಯ ಗೂಡಿನ ಮುಂದೆ ನಿಂತಳು. ಬಟ್ಟಲೆತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. ಹಣೆ ಚಚ್ಚಿಕೊಂಡು ತನಗೆ ತಾನೇ ಹೇಳಿಕೊಂಡಳು, "ಕೌದ್ಯಾಗ ಇಟ್ಟಬಿಟ್ಟೇನಿ ಕಾಣ್ತದ. ಮರವು ಹೆಚ್ಚಾಗೇದ."

ನನ್ನ ಬಾಯಲ್ಲಿ ಇನ್ನೂ ಎಳ್ಳಿನ ವಾಸನೆ ಇತ್ತು. ಆಗ ಹೊಳೆಯಿತು.

ಆಕೆ ಬಂದು ಕೂತು ಬಾಯಿ ಮುಚ್ಚತೊಡಗಿದಳು. ಮಾಮಾ ಹಿಡಿಕೆ ತಿರುಗಿಸಿದ. ಇಳಿಬಿಸಿಲು ಅವಳ ಬೆರಳಿನ ಮೇಲೆ, ಸೂಜಿಯ ಮೇಲೆ. ಒಂದೊಂದೇ ಹೊಲಿಗೆ, ಬಾಯಿ ಸಣ್ಣದಾಯಿತು, ಮುಚ್ಚಿತು. ಆಕೆ ಬಾಗಿ ಹಲ್ಲಿನಿಂದ ನೂಲು ಕಡಿದಳು. ಎರಡು ಕೈಯಲ್ಲಿ ಕೌದಿ ಎತ್ತಿ ಕೊಡವಿದಳು, ಬಣ್ಣಗಳೆಲ್ಲ ಗಾಳಿಯಲ್ಲಿ ಒಮ್ಮೆ ತೂಗಿ ನೆಲಕ್ಕೆ ಬಿದ್ದವು. ಅಷ್ಟಕ್ಕೆ ಸರಿಯಾಗಿ ಫಿಲ್ಮು ಮುಗಿಯಿತು. ಬೇಕೆಂದು ಅಳೆದಿದ್ದರೂ ಹಾಗೆ ಬರುತ್ತಿರಲಿಲ್ಲ.

ಮಾಮಾ ಕ್ಯಾಮೆರಾದಿಂದ ಮುಖ ತೆಗೆದ. ಹತ್ತು ವರ್ಷ ಚಿಕ್ಕವನಾಗಿದ್ದ. "ಬಂತು ಸುಮಿ. ಕೊನೆ ಬಂತು," ಎಂದ.

ಮಾನ್ಯ ಸಭಾಪತಿಗಳೇ, ಆ ಗಳಿಗೆಯಲ್ಲಿ ನನ್ನೊಳಗೆ ನಡೆದ ಚರ್ಚೆಯ ವರದಿ ಹೀಗಿದೆ. ಸುಮ್ಮನಿರಬೇಕು ಎಂಬ ಪಕ್ಷದ ಬಳಿ ಒಳ್ಳೆಯ ವಾದಗಳಿದ್ದವು. ಅರಿವೆಗೆ ಹೊಟ್ಟೆ ಇಲ್ಲ, ಇದನ್ನು ನಾನೇ ಬೆಳಿಗ್ಗೆ ಸಾಧಿಸಿದ್ದೆ. ಮುದುಕಿ ನೆಮ್ಮದಿಯಿಂದ ಇದ್ದಾಳೆ. ಮಾಮಾನಿಗೆ ಕೆಲಸ ಸಿಕ್ಕ ಹಾಗೆಯೇ. ಮುಟ್ಟಿ ನೋಡಿದರೂ ತಿಳಿಯದು ಎಂದು ಆಕೆಯೇ ಹೇಳಿದ್ದಾಳೆ. ಹೇಳದಿದ್ದರೆ ಯಾರಿಗೂ, ಎಂದೆಂದಿಗೂ ತಿಳಿಯುವುದಿಲ್ಲ. ಎದುರುಪಕ್ಷದ ಬಳಿ ಇದ್ದದ್ದು ಒಂದೇ ಮಾತು: ಅದನ್ನು ತಿಂದವಳು ನಾನು. ಅದು ವಾದವೂ ಅಲ್ಲ. ಆದರೆ ಮತ ಅದಕ್ಕೇ ಬಿತ್ತು.

"ಆಯಿ, ನೀವು ಒಳಗ ರೊಟ್ಟಿ ಇಟ್ಟಿಲ್ಲ," ಎಂದೆ. "ಬಟ್ಟಲ ಕೆಳಗಿಂದು ನಾ ತಿಂದೆ."

ಗೋಡೆಯ ಮೇಲಿಂದ ಇಣುಕುತ್ತಿದ್ದ ಪಕ್ಕದ ಮನೆಯವಳು ಬಾಯಿಗೆ ಸೆರಗು ಹಿಡಿದಳು. ಗುರುಬಾಯಿ ನನ್ನನ್ನು ಒಂದು ನಿಮಿಷ ದಿಟ್ಟಿಸಿದಳು. ಆಮೇಲೆ ನಗಲು ಶುರುಮಾಡಿದಳು. ನಗುತ್ತ ಗೋಡೆಯ ಕಡೆ ತಿರುಗಿ, "ಕೇಳಿದಿಯೇನ ಬೇ, ಕೌದಿ ಊಟ ಈ ಧಾರವಾಡದಾಕಿ ಉಂಡಾಳ," ಎಂದಳು. ಕಣ್ಣೊರೆಸಿಕೊಂಡು ಕೂತು, ಸೂಜಿಯ ಮೊನೆಯಿಂದ ಕೊನೆಯ ಹೊಲಿಗೆಯನ್ನು ಎಬ್ಬಿಸಿದಳು.

"ಆಯಿ, ಬಿಚ್ಚಬ್ಯಾಡ್ರಿ," ಎಂದ ಮಾಮಾ. "ಚಿತ್ರದಾಗ ಮುಗದದ. ಇನ್ನ ನನ್ನ ಹತ್ರ ಫಿಲ್ಮ ಇಲ್ಲ."

"ಚಿತ್ರದಾಗ ಮುಗದದ, ಛಲೋ ಆತು. ಆದ್ರ ಕೂಸು ಚಿತ್ರ ಹೊಚಗೊಂಡು ಮಲಗೂದಿಲ್ಲಲ್ಲಪ್ಪಾ."

ಬಾಯಿಯಷ್ಟೇ ಬಿಚ್ಚಿದರೆ ಸಾಲುತ್ತಿರಲಿಲ್ಲ. ಮುಚ್ಚಿದ ನೂಲನ್ನೇ ಮೂಲೆಯ ಸುತ್ತ ಒಳಗೆ ಓಡಿಸಿದ್ದಳು, ಅದರ ಸಾಲುಗಳೂ ಹೋಗಬೇಕಾಯಿತು. ಕತ್ತರಿ ಹಾಕಲಿಲ್ಲ. ಒಂದೊಂದೇ ಹೊಲಿಗೆಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದಳು. ಬಿಸಿಲು ಗೋಡೆ ಏರಿ ಹೋಯಿತು. ಒಳಗಿನಿಂದ ಹೊಸ ತುಣುಕು ತಂದು ನನ್ನ ಕೈಗೇ ಕೊಟ್ಟಳು. "ತಿಂದಾಕಿ ನೀನು, ತಿನಸಾಕಿನೂ ನೀನ."

ಇಟ್ಟೆ. ಅರಿವೆಗೆ ಹೊಟ್ಟೆ ಇಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ರೊಟ್ಟಿ ಚುಚ್ಚಬಾರದೆಂದು ನಾನು ಅದರ ಮೊನೆ ಮುರಿದು ಇಟ್ಟದ್ದು ಹೌದು, ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಗುರುಬಾಯಿ ಮತ್ತೆ ಹೊಲಿದಳು. ತಲೆ ಎತ್ತಿ ನೋಡಿದರೆ ಮಾಮಾ ಕ್ಯಾಮೆರಾದ ಹಿಂದೆ ನಿಂತಿದ್ದ. ಖಾಲಿ ಪೆಟ್ಟಿಗೆಯ ಹಿಡಿಕೆಯನ್ನು ತಿರುಗಿಸುತ್ತಲೇ ಇದ್ದ.

ಧಾರವಾಡ

ಮೂರು ದಿನ ಮಾಮಾ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬಂದು ಕೂತ.

"ಸುಮಿ, ಬಾಯಿ ಮುಚಗೊಂಡ ಇರೂದನ್ನ ನಿಮ್ಮ ಕಾಲೇಜಿನಾಗ ಕಲಸೂದೇ ಇಲ್ಲೇನು?"

"ಅದಕ್ಕ ಬಹುಮಾನ ಇಲ್ಲ ಮಾಮಾ."

"ಹೋಗಲಿ. ಕೊನೆಗೆ ತಪಸ್ಸು ಅಂತ ಬರದು ಕೊಡು. ಷರತ್ತು ಸೋತೀದಿ."

ಸೋತದ್ದು ಖರೆ. ಆದರೆ ನಾನು ಬರೆದುಕೊಟ್ಟದ್ದು ಇಷ್ಟು: "ಈಗ ನೀವು ನೋಡಿದ ಕೊನೆಯ ಹೊಲಿಗೆ ಕೊನೆಯದಲ್ಲ. ಫಿಲ್ಮು ಮುಗಿದ ಮೇಲೆ ಆಕೆ ಅದನ್ನು ಬಿಚ್ಚಿದಳು. ಕೌದಿಯ ಪಾಲಿನ ರೊಟ್ಟಿಯನ್ನು ನಮ್ಮವರೊಬ್ಬರು ತಿಂದಿದ್ದರು."

ಮಾಮಾ ಅದನ್ನು ಓದಿ ಮಡಚಿದ, ಬಿಡಿಸಿ ಮತ್ತೆ ಓದಿದ. ಇದನ್ನು ಹಚ್ಚಿದರೆ ಕೆಲಸ ಹೋಗಬಹುದು, ಹಚ್ಚದಿದ್ದರೆ ಯಾರೂ ಕೇಳುವುದಿಲ್ಲ ಎಂದು ನಾನೇ ಹೇಳಿದೆ. ಹಚ್ಚು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಒಂದು ಮಾತಿಗೆ ಎರಡೂ ಕಡೆ ನಿಂತು ವಾದಿಸಬಲ್ಲವಳು ಅಂದು ಒಂದು ಕಡೆಯೂ ನಿಲ್ಲಲಿಲ್ಲ.

"ಆಕಿ ಬಿಚ್ಚಿದ್ದನ್ನ ನಾ ನೋಡೀನಿ," ಎಂದ ಮಾಮಾ ಕೊನೆಗೆ. "ನೋಡಿಲ್ಲ ಅಂತ ಹ್ಯಾಂಗ ಅನ್ನಲಿ?" ಹಚ್ಚಿಯೇ ಕೊಲ್ಹಾಪುರಕ್ಕೆ ಒಯ್ದ.

ಅಲ್ಲಿ ನಡೆದದ್ದನ್ನು ಅವನ ಬಾಯಿಂದ ಕೇಳಿದೆ. ಮೊದಲ ಡಬ್ಬಿಯ ಕೊನೆಗೆ ತೆರೆ ಪೂರಾ ಬೆಳಗಿ ಗೃಹಸ್ಥರು ಕಣ್ಣು ಮುಚ್ಚಿಕೊಂಡರಂತೆ. ಎರಡನೆಯದರಲ್ಲಿ ಕಾಳಪ್ಪನನ್ನು ನಾಲ್ಕು ನಿಮಿಷ ನೋಡಿ, ಈತ ಯಾವಾಗ ಏಳುತ್ತಾನೆ ಎಂದರಂತೆ. ಮೂರನೆಯದಕ್ಕೆ ಕುರ್ಚಿಯ ತುದಿಗೆ ಬಂದರು. ಕೌದಿ ಗಾಳಿಯಲ್ಲಿ ತೂಗಿದಾಗ ತೊಡೆ ತಟ್ಟಿ, ಇದು ಕೊನೆ ಎಂದರು. ಆಮೇಲೆ ನನ್ನ ಬರಹ ಬಂತು. ಯಂತ್ರ ನಿಲ್ಲಿಸಿ ಎರಡು ಸಲ ಓದಿಸಿದರು.

"ಬಿಚ್ಚಿದ್ದು ಎಲ್ಲಿ?" ಎಂದು ಕೇಳಿದರಂತೆ.

"ಫಿಲ್ಮು ಮುಗಿದಿತ್ತು," ಎಂದ ಮಾಮಾ.

ಅವರು ಎದ್ದು ಕಪಾಟಿನಿಂದ ಹೊಸ ಡಬ್ಬಿಗಳನ್ನು ತೆಗೆದು ಮುಂದಿಟ್ಟರು. ಯುಗಾದಿಯವರೆಗೆ ಅವಕಾಶ, ಆ ಬಿಚ್ಚುವುದರ ಚಿತ್ರ ತೆಗೆದುಕೊಂಡು ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಮಾಮಾ ಅಂದೇ ಜೇವರ್ಗಿಗೆ ಕಾಗದ ಬರೆದ. ಕೌದಿಯನ್ನು ಮಗಳ ಮನೆಯಿಂದ ಎರಡು ದಿನದ ಮಟ್ಟಿಗೆ ತರಿಸಿ, ಆ ಮೂಲೆಯನ್ನು ಒಮ್ಮೆ ಬಿಚ್ಚಿ ತೋರಿಸಿದರೆ ದೊಡ್ಡ ಉಪಕಾರ, ಇದರಲ್ಲಿ ತನ್ನ ಬದುಕಿದೆ ಎಂದು ಎರಡು ಪುಟ ಬೇಡಿಕೊಂಡ. ಇಪ್ಪತ್ತು ದಿನಕ್ಕೆ ಉತ್ತರ ಬಂತು. ಅಲ್ಲಿಯ ಯಾರೋ ಅಕ್ಷರ ಬಲ್ಲವರು ಗುರುಬಾಯಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದರು:

"ಮಾಸ್ತರಿಗಿ ಗುರುಬಾಯಿ ಶರಣು. ಕೂಸು ಛಲೋ ನಿದ್ದಿ ಮಾಡಾಕತ್ತದ. ಉಂಡು ಮಲಗಿದ ಕೌದಿ ಬಾಯಿ ಬಿಚ್ಚಿ ತೋರಸೂದು ನಮ್ಮಲ್ಲಿ ಇಲ್ಲ. ನಿಮ್ಮ ಬದುಕ ಇದರಾಗ ಅದ ಅಂತ ಬರದೀರಿ, ಅದಕ್ಕ ಹೇಳ್ತೇನಿ. ಪಕ್ಕದ ಮನಿಯಾಕಿ ಮಗಳ ಸಲುವಾಗಿ ಮುಂದಿನ ಸೋಮವಾರ ಹೊಸಾ ಕೌದಿ ಹಾಸತೇನಿ. ಹೊಲಿಯೂದರಾಗ ತಪ್ಪತೇನಿ, ಬಿಚ್ಚತೇನಿ, ಅದು ದಿನಾ ಇರೂದ. ಕಡೀದು ಅಷ್ಟ ನೋಡಾಕ ಬರಬ್ಯಾಡ್ರಿ. ಹಾಸೂ ದಿನಾನ ಬಂದು ಕುಂದರ್ರಿ, ಎಲ್ಲಾ ಸಿಗತದ. ಆ ತಂಗೀನೂ ಕರಕೊಂಡ ಬರ್ರಿ. ಬರೂವಾಗ ಉಣಿಸಿ ಕರಕೊಂಡ ಬರ್ರಿ."

ಮಾಮಾ ರಜೆಯ ಅರ್ಜಿ ಬರೆಯಲು ಕುಳಿತ. ನಾನು ಉಣ್ಣಲು ಕುಳಿತೆ.